ಚರಂಡಿಗೆ ಬಿಟ್ಟ ಮನೆದೇವರು

ಶಾರದಕ್ಕ, ನೀವು ದಿನಾ ಬೆಳಿಗ್ಗೆ ಎಣ್ಣೆ ಹಾಕಿ ದೀಪ ಹಚ್ಚುವ ನಮ್ಮ ಬೀದಿಯ ಮುನೀಶ್ವರ, ಮುನೀಶ್ವರನಲ್ಲ. ಅವನು ವೀರಭದ್ರ. ನಮ್ಮ ಮನೆದೇವರು. ಅವನನ್ನು ಗಂಟು ಕಟ್ಟಿ ಮಳೆನೀರಿನ ಚರಂಡಿಗೆ ತಳ್ಳಿದವಳು ನಾನು. ಆ ವರ್ಷ ನಿಮ್ಮ ಮನೆಯೊಳಗೆ ಸೊಂಟದ ಮಟ್ಟ ನೀರು ನಿಂತದ್ದು ನನ್ನಿಂದಲೇ — ಎಂದು ಬರೆಯಲು ಹೋದೆ, ಕೈ ತಡೆಯಿತು. ನನ್ನಿಂದಲೂ ಎನ್ನಲೇ? ಗೊತ್ತಿಲ್ಲ. ಇಷ್ಟು ವರ್ಷ ತಲೆ ಕೆಡಿಸಿಕೊಂಡರೂ ಗೊತ್ತಾಗಿಲ್ಲ. ಗೊತ್ತಾಗಿಲ್ಲ ಎನ್ನುವುದನ್ನೇ ಹಾಸಿಗೆ ಮಾಡಿಕೊಂಡು ಮಲಗಿದ್ದೆ, ಅದಂತೂ ನಿಜ.

ಎದುರಿಗೆ ನಿಂತು ಹೇಳಲು ಹೋದರೆ ನಾನು ಅತ್ತುಬಿಡುತ್ತೇನೆ. ನಾನು ಅತ್ತರೆ ನೀವು ನನ್ನನ್ನೇ ಸಮಾಧಾನ ಮಾಡಲು ಕೂರುತ್ತೀರಿ, ಕಾಫಿ ಮಾಡುತ್ತೀರಿ, ಹೇಳಬೇಕಾದದ್ದು ಮತ್ತೆ ಹೊಟ್ಟೆಯೊಳಗೇ ಉಳಿಯುತ್ತದೆ. ಅದಕ್ಕೇ ಮೊದಲು ಇಲ್ಲಿ ಕಾಗದದ ಮೇಲೆ ಹೇಳಿಕೊಳ್ಳುತ್ತಿದ್ದೇನೆ. ನಿಮಗೇ ಹೇಳುತ್ತಿದ್ದೇನೆ ಎಂದುಕೊಂಡು.

ನಮ್ಮ ಅತ್ತೆ ನಿಮಗೆ ನೆನಪಿದ್ದಾರಲ್ಲ. ಕೊನೆಯ ವರ್ಷಗಳಲ್ಲಿ ಮಹಡಿಯಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಆದರೆ ದೇವರ ಮನೆಯ ಕಾರುಬಾರು ಪೂರ್ತಿ ಅವರದ್ದೇ. ಪೂಜೆಗೆ ಏರಿಸಿದ ಹೂವು, ಬಿಲ್ವಪತ್ರೆ ಯಾರ ಕಾಲಿಗೂ ತಾಗಬಾರದು, ಕಸದ ಡಬ್ಬಿಗೆ ಬೀಳಬಾರದು, ಹರಿಯುವ ನೀರಿಗೇ ಹೋಗಬೇಕು. ದಾವಣಗೆರೆಯಲ್ಲಿದ್ದಾಗ ಅದು ಕಷ್ಟವಿರಲಿಲ್ಲ, ಯಾರಾದರೂ ಹೊಳೆ ಕಡೆ ಹೋಗುವವರಿದ್ದರು. ಈ ತಮಿಳು ಊರಿನಲ್ಲಿ, ಕೀಲ್ಪಾಕ್‌ನ ಈ ಬೀದಿಯಲ್ಲಿ ಹರಿಯುವ ನೀರು ಎಲ್ಲಿಂದ ತರಲಿ? ಒಣಗಿದ ಪತ್ರೆಯನ್ನೆಲ್ಲ ಬಾಲ್ಕನಿಯಲ್ಲಿ ಚೀಲ ಚೀಲ ತುಂಬಿಡುತ್ತಿದ್ದೆ. ನೀವು ಒಮ್ಮೆ ಮೇಲೆ ಬಂದವರು ನೋಡಿ, “ಎಂತದು ನೀಲಕ್ಕ, ಚಾ ಸೊಪ್ಪಿನ ವ್ಯಾಪಾರವಾ?” ಎಂದು ನಕ್ಕಿದ್ದಿರಿ. ಯಾವಾಗಲಾದರೂ ಪುರುಸೊತ್ತು ಮಾಡಿಕೊಂಡು, ಆಟೋ ಹಿಡಿದು ಸಮುದ್ರಕ್ಕೆ ಹೋಗಿ ಸುರಿದು ಬರುವುದು ನಮ್ಮ ಪದ್ಧತಿ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಒಂದು ಎಡವಟ್ಟಾಯಿತು. ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗ ವೀರಭದ್ರನ ಹಿತ್ತಾಳೆಯ ಫಲಕ ಕೈಜಾರಿ ಅಡುಗೆಮನೆಯ ಕಲ್ಲಿನ ಮೇಲೆ ಬಿತ್ತು. ಮೊದಲೇ ಬಿರುಕು ಬಿಟ್ಟಿದ್ದ ಹಳೆಯ ಎರಕ. ಕೆಳಗಿನ ಒಂದು ಮೂಲೆ ಮುರಿದು ಎಲ್ಲೋ ಹಾರಿತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಅತ್ತೆ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕೂತು ಹೇಳಿದರು:

“ಭಿನ್ನ ಆದ ದೇವ್ರು ಮನ್ಯಾಗ ಇರಬಾರ್ದವ್ವಾ. ಸಮುದ್ರಕ್ಕ ಬಿಟ್ಟು ಬಾ. ಅಲಿ ಬಂದು ಒಯ್ಯೋತನಕ ನಿಂತು ನೋಡಿ ಬಾ.”

ಗೆದ್ದಲು ಹಿಡಿದಿದ್ದ ಹಳೆಯ ಮರದ ಮಂಟಪವನ್ನೂ ಜೊತೆಗೇ ಬಿಟ್ಟುಬಿಡೋಣವೆಂದೆ. ಮಂಟಪದ ಹಲಗೆಗಳು, ದೇವರ ಹಳೆಯ ವಸ್ತ್ರಗಳು, ಆ ಪತ್ರೆಯ ಚೀಲಗಳು, ಎಲ್ಲದರ ನಡುವೆ ವೀರಭದ್ರ — ನಮ್ಮ ಅಂಗಡಿಯಿಂದ ಬಟ್ಟೆಯ ಮೂಟೆಗೆ ಸುತ್ತಿಬಂದ ಗೋಣಿ ತರಿಸಿ ಗಂಟು ಕಟ್ಟಿದೆ. ಬಿಚ್ಚಿಹೋಗಬಾರದೆಂದು ಹುರಿಹಗ್ಗದಿಂದ ಬಿಗಿದೆ. ಬಟ್ಟೆ ವ್ಯಾಪಾರದ ಮನೆಯವಳು, ಗಂಟು ಕಟ್ಟುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮಧ್ಯಾಹ್ನ ಆಟೋ ಬಂತು. ಮಳೆಯೂ ಬಂತು. ಆಟೋದವನು ಆಕಾಶ ನೋಡಿದ, ಗಂಟು ನೋಡಿದ, ಈ ಮಳೆಯಲ್ಲಿ ಬೀಚಿಗೆ ಬರುವುದಿಲ್ಲ ಎಂದು ಹೊರಟೇಹೋದ. ಗಂಟನ್ನು ಮತ್ತೆ ಮಹಡಿಗೆ ಹೊತ್ತೊಯ್ಯಬಹುದಿತ್ತು. ಮರುದಿನ ಹೋಗಬಹುದಿತ್ತು. ಆದರೆ ನನಗೆ ಬೇಸರವಾಗಿತ್ತು ಶಾರದಕ್ಕ, ಅಷ್ಟೇ. ದೊಡ್ಡ ಕಾರಣವೇನೂ ಇಲ್ಲ. ಸೀರೆ ಒದ್ದೆಯಾಗಿತ್ತು, ಮುರಿದ ದೇವರು ಮನೆಯಲ್ಲಿ ಇನ್ನೊಂದು ದಿನ ಇದ್ದರೆ ಅತ್ತೆಯ ಮೌನ ಇನ್ನೊಂದು ದಿನ ಸಹಿಸಬೇಕಿತ್ತು, ಮತ್ತು — ಚರಂಡಿ ತೆರೆದಿತ್ತು.

ಮೂಲೆಯಲ್ಲಿ ಹೂಳೆತ್ತುವವರು ಕಲ್ಲುಚಪ್ಪಡಿ ಸರಿಸಿ, ಎಚ್ಚರಿಕೆಗೆ ಒಂದು ಬೇವಿನ ಕೊಂಬೆ ನೆಟ್ಟು, ಮಳೆಗೆ ಎದುರಿನ ಚಹಾ ಅಂಗಡಿಯಲ್ಲಿ ಇತ್ತ ಬೆನ್ನು ಹಾಕಿ ನಿಂತಿದ್ದರು. ಒಳಗೆ ನೀರು ಭೋರೆಂದು ಓಡುತ್ತಿತ್ತು. ಆ ಚರಂಡಿ ಕಟ್ಟುವಾಗ ಬಂದಿದ್ದ ಎಂಜಿನಿಯರು ಬೀದಿಯವರಿಗೆಲ್ಲ ಹೇಳಿದ್ದು ನನಗೆ ನೆನಪಾಯಿತು: ಈ ನೀರು ಕೂವಂ ಹೊಳೆ ಸೇರುತ್ತದೆ, ಅಲ್ಲಿಂದ ಸಮುದ್ರಕ್ಕೆ. ಹಾಗಾದರೆ ಇದೂ ಹರಿಯುವ ನೀರೇ ಅಲ್ಲವೇ? ಸಮುದ್ರಕ್ಕೇ ಹೋಗುತ್ತದಲ್ಲವೇ? ನಾನು ಒಯ್ದರೇನು, ಅದೇ ಒಯ್ದರೇನು? ಇದೆಲ್ಲ ಯೋಚಿಸಲು ಹಿಡಿದದ್ದು ಒಂದು ಗಳಿಗೆ. ಗಂಟನ್ನು ಎಳೆದು ತಂದು, ಕಾಲಿನಿಂದ ನೂಕಲು ಮನಸ್ಸು ಬಾರದೆ ಮೊಣಕಾಲೂರಿ ಎರಡೂ ಕೈಯಿಂದ ತಳ್ಳಿದೆ. ಮುಳುಗಿತು. ಕೈಮುಗಿದು “ಹೋಗಿ ಬಾರಪ್ಪ” ಎಂದೆ. ಅಷ್ಟು ಭಕ್ತಿ ಇತ್ತು ನೋಡಿ.

ಮೇಲೆ ಬಂದಾಗ ಅತ್ತೆ ಕೇಳಿದರು, “ಅಲಿ ಒಯ್ತೇನವ್ವಾ?”

“ಒಯ್ತ್ರಿ,” ಎಂದೆ.

ಇಷ್ಟೇ ಅಂದು ನಾನು ಹೇಳಿದ ಸುಳ್ಳು. ಒಂದೇ ಪದ.

ಆಮೇಲಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಳೆ ಬಿಡಲೇ ಇಲ್ಲ. ಪ್ರತಿ ಸಲ ಟಾರು ಹಾಕಿದಾಗಲೂ ಬೀದಿ ಒಂದಿಷ್ಟು ಮೇಲೇರಿ, ನಿಮ್ಮ ಹೊಸ್ತಿಲು ಆಗಲೇ ಬೀದಿಗಿಂತ ಕೆಳಗಿತ್ತು. ಮೊದಲು ಅಂಗಳ, ಆಮೇಲೆ ಜಗಲಿ, ಆಮೇಲೆ ನಿಮ್ಮ ಮಂಚದ ಕಾಲು. ನೀವು ಗಂಡಹೆಂಡತಿ ಇಬ್ಬರೂ ನಮ್ಮ ಮಹಡಿಗೆ ಬಂದಿರಿ. ಬಂದವರು ಬಂದಂತೆಯೇ ಇದ್ದಿದ್ದರೆ — ಆದರೆ ನಿಮ್ಮ ವಾಸುದೇವಣ್ಣ ಸುಮ್ಮನೆ ಕೂರುವ ಜೀವವೇ? ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಸೇರಿ ಅಡುಗೆಮನೆಯ ಮೇಲ್ವಿಚಾರಕರಾಗುವವರೆಗೆ ಊರಿಗೆಲ್ಲ ಬಡಿಸಿದವರು. “ಇಷ್ಟು ಜನ ಉಂಟು, ಹೊಟ್ಟೆಗೆ ಎಂತ ಮಾಡುದು? ಕೆಳಗೆ ರವೆ ಉಂಟು, ದೊಡ್ಡ ಬಾಣಲೆ ಉಂಟು,” ಎಂದು ಪಂಚೆ ಎತ್ತಿ ಕಟ್ಟಿ ಆ ಕರಿನೀರಿಗೆ ಇಳಿದರು. ರವೆಯ ಡಬ್ಬ ತಲೆಯ ಮೇಲಿಟ್ಟುಕೊಂಡು ಬಂದರು. ಅವರು ಮಾಡಿದ ಉಪ್ಪಿಟ್ಟನ್ನು ಕಟ್ಟಡದವರೆಲ್ಲ ತಿಂದೆವು. ನಾನೂ ಎರಡನೇ ಸಲ ಹಾಕಿಸಿಕೊಂಡೆ. ಅವರ ಅಂಗಾಲು ಸೀಳಿದ್ದನ್ನು ಯಾರೂ ನೋಡಲಿಲ್ಲ. ಸಕ್ಕರೆ ಕಾಯಿಲೆಯ ಕಾಲು, ಅವರಿಗೇ ತಿಳಿದಿರಲಿಲ್ಲ. ನೆಲದ ಮೇಲಿನ ರಕ್ತದ ಗುರುತನ್ನು ಒರೆಸುವಾಗ ನಾನು ಅದನ್ನು ಕುಂಕುಮದ ನೀರೆಂದುಕೊಂಡೆ.

ಮಳೆ ನಿಂತಿತು. ಪಕ್ಕದ ಬೀದಿಯಲ್ಲಿ ನೀರು ಇಳಿಯಿತು. ನಮ್ಮಲ್ಲಿ ಇಳಿಯಲಿಲ್ಲ.

ಆಗ ನನಗೆ ಹೊಳೆಯಲಿಲ್ಲ ಎಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ಹೊಳೆಯಿತು. ಬಾಲ್ಕನಿಯಲ್ಲಿ ನಿಂತು ಆ ಮೂಲೆಯನ್ನೇ ನೋಡುತ್ತಿದ್ದೆ. ಬೀದಿಯವರೆಲ್ಲ ಕಾಂಟ್ರಾಕ್ಟರನನ್ನು ಬಯ್ಯುತ್ತಿದ್ದರು, ಪ್ಲಾಸ್ಟಿಕ್ ಎಸೆಯುವವರನ್ನು ಬಯ್ಯುತ್ತಿದ್ದರು, ನನ್ನ ಯಜಮಾನರು ಎಲ್ಲರಿಗಿಂತ ಜೋರಾಗಿ ಬಯ್ಯುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನು. ಮುಟ್ಟಿಕೊಳ್ಳಲೂ ಇಲ್ಲ, ಎಲ್ಲರ ಜೊತೆ ತಲೆಯಾಡಿಸಿದೆ. ಅಲ್ಲಿ ಗಂಟಿದೆ, ಅದನ್ನು ತೆಗೆಯಿರಿ ಎಂದು ಒಂದು ಮಾತು ಹೇಳಿದ್ದರೆ ಆ ದಿನವೇ ನೀರು ಹೋಗುತ್ತಿತ್ತೋ ಏನೋ. ವಾಸುದೇವಣ್ಣನನ್ನು ಆ ದಿನವೇ ಆಸ್ಪತ್ರೆಗೆ ಒಯ್ಯಬಹುದಿತ್ತೋ ಏನೋ. ಗಂಟು ಹಾಕಿದ್ದು ಬೇಸರದಿಂದ. ಸುಮ್ಮನಿದ್ದದ್ದು — ಅದಕ್ಕೆ ಯಾವ ಹೆಸರಿಡಲಿ?

ಕೊನೆಗೆ ಕೆಲಸದವರು ಕೊಕ್ಕೆ, ಹಗ್ಗ ತಂದು ಇಳಿದರು. ನೀವು ನನ್ನ ಪಕ್ಕದಲ್ಲೇ ಇದ್ದಿರಿ. ತುಂಬಾ ಹೊತ್ತು ಎಳೆದ ಮೇಲೆ ಗಂಟಿನ ಒಂದು ಬದಿ ಹರಿದು, ಹಲಗೆಗಳು ಬಂದವು, ಕೊಳೆತ ಬಟ್ಟೆ ಬಂತು, ಮತ್ತೆ ಒಬ್ಬನ ಕೈಯಲ್ಲಿ ಹಿತ್ತಾಳೆ ಮಿಂಚಿತು. ಹುರಿಮೀಸೆ, ಕೈಯಲ್ಲಿ ಕತ್ತಿ, ಕೆಕ್ಕರಿಸಿದ ಕಣ್ಣು. ಅದೇ ಕ್ಷಣಕ್ಕೆ ಚರಂಡಿಯ ಬಾಯಿ ಗುಡುಗುಡು ಎಂದು ನೀರನ್ನು ಸೆಳೆದುಕೊಳ್ಳತೊಡಗಿತು.

“ಸಾಮಿ ವಂದಾರು! ತಣ್ಣಿ ಪೋಚು!” ಎಂದು ಅವನು ಕೂಗಿದ. ದೇವರು ಬಂದ, ನೀರು ಹೋಯಿತು. ಬೀದಿಯೆಲ್ಲ ಕೂಗಿತು. ಯಾರೋ ಮುನೀಶ್ವರನ್ ಎಂದರು, ಆ ಮೀಸೆ, ಆ ಕತ್ತಿ ನೋಡಿ ಎಲ್ಲರೂ ಹೌದೆಂದರು. ಇಲ್ಲಿನವರಿಗೆ ಊರು ಕಾಯುವ ದೇವರೆಂದರೆ ಮುನೀಶ್ವರನೇ. ನೀವು ನನ್ನ ಕೈ ಹಿಡಿದು ಅತ್ತಿರಿ. “ನೋಡಿ ನೀಲಕ್ಕ, ದೇವರು ಉಂಟು,” ಎಂದಿರಿ. ನಾನೂ ಅತ್ತೆ. ನಾನು ಯಾಕೆ ಅತ್ತದ್ದೆಂದು ನೀವು ಕೇಳಲಿಲ್ಲ.

ಒಳಗಿನಿಂದ ಅತ್ತೆ “ಏನ್ ಗದ್ಲ ಅದು?” ಎಂದರು. “ಗಟಾರ ತಗ್ಯಾಕತ್ತಾರ್ರಿ,” ಎಂದೆ. ಅದೂ ನಿಜವೇ.

ನೀರು ಇಳಿದ ಮೇಲೆ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಗಾಯ ಕೀತು, ವಾಸುದೇವಣ್ಣನ ಕಾಲು ಮೊಣಕಾಲಿನ ಕೆಳಗೆ ಹೋಯಿತು. ದಿನವಿಡೀ ನಿಂತು, ನಡೆದು, ಟ್ರೇ ಹಿಡಿದು ಓಡಿದ ಕಾಲು. ಅವರನ್ನು ಮನೆಗೆ ಕರೆತಂದ ದಿನ ನೀವು ಸೀದಾ ಮೂಲೆಯ ಆ ಫಲಕದ ಮುಂದೆ ಹೋಗಿ ನಿಂತಿರಿ. ಆಗಲೇ ಅದಕ್ಕೆ ಚರಂಡಿಯ ಚಪ್ಪಡಿಯ ಮೇಲೇ ಇಟ್ಟಿಗೆಯ ಪುಟ್ಟ ಗುಡಿ ಎದ್ದಿತ್ತು. “ಕಾಲು ತಕೊಂಡ, ಜೀವ ಉಳಿಸಿದ. ಅಷ್ಟು ಮಾಡಿದ್ನಲ್ಲ,” ಎಂದಿರಿ. ನಿಮ್ಮ ಚೀಲ ಹಿಡಿದು ಹಿಂದೆ ನಿಂತಿದ್ದ ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಅಂದಿನಿಂದ ನಾನು ನೋಡುತ್ತಲೇ ಬಂದಿದ್ದೇನೆ. ಹೂವು, ಬಿಲ್ವಪತ್ರೆ ಬಿಟ್ಟು ಬೇರೇನೂ ಕಾಣದಿದ್ದ ನಮ್ಮ ವೀರಭದ್ರನಿಗೆ ನಿಂಬೆಹಣ್ಣಿನ ಹಾರ ಬಿತ್ತು. ಶುಕ್ರವಾರಗಳಲ್ಲಿ ಯಾರೋ ಚುಟ್ಟ ಹಚ್ಚಿ ಇಟ್ಟು ಹೋಗುತ್ತಾರೆ. ಲಿಂಗವಂತರ ಮನೆಯ ದೇವರು ಹೊಗೆ ಬಿಡುತ್ತಾ ಕೂತಿದ್ದಾನೆ! ದೇವರ ಮನೆಯತ್ತ ಸುಳಿಯದ ನನ್ನ ಯಜಮಾನರಿಗೂ ಆ ಎಣ್ಣೆ, ಅರಿಶಿನದ ಕೆಳಗೆ ಅವನ ಗುರುತು ಸಿಗಲಿಲ್ಲ. ಒಮ್ಮೊಮ್ಮೆ ನಗುವೂ ಬರುತ್ತದೆ, ಆಮೇಲೆ ಹೆದರಿಕೆ. ಒಮ್ಮೊಮ್ಮೆ ನನಗೇ ಗೊಂದಲ: ನಾನು ಹಾಕಿದ ಗಂಟು ಸಿಕ್ಕಿಕೊಂಡು ನೀರು ನಿಂತಿತೆ, ಅಥವಾ ಆ ವರ್ಷದ ಮಳೆಗೆ ಹೇಗಿದ್ದರೂ ನಿಲ್ಲುತ್ತಿತ್ತೆ? ಊರಿಗೆ ಊರೇ ಮುಳುಗಿತ್ತಲ್ಲ, ಊರಿನ ಆ ತುದಿಯ ಅಡಯಾರಿನಲ್ಲಿ ನಾನು ಯಾವ ಗಂಟು ಹಾಕಿದ್ದೆ? ಹೀಗೆ ವಾದ ಮಾಡಿ ಮಾಡಿ ಗೆಲ್ಲುತ್ತೇನೆ. ಗೆದ್ದ ಮೇಲೆ ಪಕ್ಕದ ಬೀದಿ ನೆನಪಾಗುತ್ತದೆ, ಅಲ್ಲಿ ನೀರು ಇಳಿದದ್ದು ನೆನಪಾಗುತ್ತದೆ. ಮತ್ತೆ ಮೊದಲಿನಿಂದ. ದೇವರ ವಿಷಯವೂ ಹಾಗೆಯೇ. ಬೀದಿಯ ಜನ ಅವನಿಂದ ಧೈರ್ಯ ಪಡೆಯುತ್ತಿದ್ದಾರೆ, ನೀವು ಪಡೆಯುತ್ತಿದ್ದೀರಿ. ಅದು ಸುಳ್ಳೆಂದು ಹೇಳಲು ನಾನ್ಯಾರು? ಸಂಜೆ ನಿಮ್ಮ ಪಕ್ಕ ನಿಂತು ಕೈಮುಗಿಯುವಾಗ ನಾನು ಯಾರಿಗೆ ಮುಗಿಯುತ್ತಿದ್ದೆ — ಮುನೀಶ್ವರನಿಗೋ, ವೀರಭದ್ರನಿಗೋ, ನಿಮಗೋ?

ಅತ್ತೆಯನ್ನು ಕೊನೆಯ ಸಲ ಆಸ್ಪತ್ರೆಗೆ ಒಯ್ಯುವಾಗ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದೆವು. ಆಟೋ ನಿಂತದ್ದು ಗುಡಿಯ ಎದುರಿಗೇ. ಅವರು ಗುಡಿಯನ್ನು ನೋಡಿದರು, ತುಂಬಾ ಹೊತ್ತು. ಆಮೇಲೆ ಅಷ್ಟು ಸೋತ ಧ್ವನಿಯಲ್ಲಿ, ನಮ್ಮ ಕಡೆ ವೀರಭದ್ರನ ಮುಂದೆ ಪುರವಂತರು ಕುಣಿಯುತ್ತಾ ಹೇಳುವ ಹೊಗಳಿಕೆಯ ಒಡಪನ್ನು ಹೇಳತೊಡಗಿದರು: “ಅಹಹಾ ರುದ್ರಾ, ಅಹಹಾ ದೇವಾ...” ನೀವು ನನ್ನನ್ನು ಕೇಳಿದಿರಿ, “ಅಜ್ಜಿ ಎಂತ ಹೇಳುದು?” ಅದು ಯಾವುದೋ ಹಳೇ ಹಾಡು ಎಂದೆ. ಅತ್ತೆ ನನ್ನ ಮುಖ ನೋಡಿದರು. ಆಸ್ಪತ್ರೆಯಿಂದ ಅವರು ವಾಪಸು ಬರಲಿಲ್ಲ. ಅಲೆ ಒಯ್ದಿಲ್ಲವೆಂದು ತಿಳಿದೇ ಹೋದರು.

ಅವರ ತಿಥಿಗೆ ಅಡುಗೆಮನೆಗೆ ಸುಣ್ಣ ಬಳಿಸುವಾಗ, ಅಕ್ಕಿ ಡ್ರಮ್ಮಿನ ಹಿಂದೆ ಆ ಮುರಿದ ತುಂಡು ಸಿಕ್ಕಿತು. ಹೆಬ್ಬೆರಳಿನಷ್ಟು. ವೀರಭದ್ರನ ಕಾಲಬಳಿ ನಿಲ್ಲುವ ಕುರಿತಲೆಯ ದಕ್ಷ, ಅಪರಾಧ ಮಾಡಿ ಶಿಕ್ಷೆಯುಂಡು ಕೈಮುಗಿದು ನಿಂತವನು. ದೇವರು ಬೀದಿಗೆ ಹೋದ, ಅಪರಾಧಿ ಮನೆಯಲ್ಲಿ ಉಳಿದ. ಅದನ್ನು ಎಲ್ಲಿಗೂ ಬಿಡಲಾಗಲಿಲ್ಲ. ಸೀರೆಗಳ ಕೆಳಗೆ ಇಟ್ಟೆ.

ಅದು ಅಲ್ಲಿಯೇ ಇರುತ್ತಿತ್ತೇನೋ. ಆದರೆ ಈಗ ಚರಂಡಿಯನ್ನು ಹೊಸದಾಗಿ, ಅಗಲವಾಗಿ, ಆಳವಾಗಿ ಕಟ್ಟಲು ಬಂದಿದ್ದಾರೆ. ಮೊನ್ನೆ ಬೀದಿಯವರ ಸಭೆಯಲ್ಲಿ ಆ ಎಂಜಿನಿಯರ್ ಹುಡುಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದಳಲ್ಲ: ನೇರ ಹೋದರೆ ಗುಡಿ ಅಡ್ಡ. ಗುಡಿಯನ್ನು ಸುತ್ತಿ ಹೋದರೆ ತಿರುವಿನಲ್ಲಿ ಹೂಳು ನಿಲ್ಲುತ್ತದೆ, ದೊಡ್ಡ ಮಳೆ ಬಂದರೆ ಮೊದಲು ತುಂಬುವುದು ಈ ತಗ್ಗಿನ ಮನೆ. ನಿಮ್ಮ ಮನೆಯನ್ನೇ ತೋರಿಸಿ ಹೇಳಿದಳು. “ಸಾಮಿಯೆ ಕೊಂಜಂ ತಳ್ಳಿ ವೆಚ್ಚಾ ಪೋದುಂ,” ದೇವರನ್ನು ಸ್ವಲ್ಪ ಆಚೆ ಇಟ್ಟರೆ ಸಾಕು ಎಂದು ಕೇಳಿಕೊಂಡಳು. ಎಲ್ಲರಿಗಿಂತ ಮೊದಲು ಎದ್ದು ನಿಂತು ಆಗದು ಎಂದವರು ನೀವು. ಆತ ತಾನಾಗಿ ಎದ್ದ ಜಾಗ, ನನ್ನ ಗಂಡನ ಜೀವ ಉಳಿಸಿದ ಜಾಗ, ಅಲುಗಿಸಲು ಬಿಡುವುದಿಲ್ಲ ಎಂದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ.

“ನೀವಾದ್ರೂ ಹೇಳಿ ನೀಲಕ್ಕ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

“ದೇವರನ್ನ ಅಲುಗಿಸೋದು ಬ್ಯಾಡ.”

ಸಭೆ ಅಲ್ಲಿಗೆ ಮುಗಿಯಿತು. ಸೀಮೆಸುಣ್ಣದ ಗೆರೆಯನ್ನು ಆ ಹುಡುಗಿ ಕಾಲಿನಿಂದ ಒರೆಸಿ, ಗುಡಿಯನ್ನು ಸುತ್ತಿ ನಿಮ್ಮ ಗೇಟಿನ ಕಡೆ ಡೊಂಕಾಗಿ ಹೊಸ ಗೆರೆ ಎಳೆದಳು. ನೀವು ನನ್ನ ಭುಜ ತಟ್ಟಿದಿರಿ. ಹಳೆಯ ತಪ್ಪನ್ನು ಬೇಸರದ ಮೇಲೆ ಹಾಕಬಹುದು, ಮಳೆಯ ಮೇಲೆ ಹಾಕಬಹುದು. ಇದನ್ನು ಯಾರ ಮೇಲೆ ಹಾಕಲಿ? ಬಿಸಿಲಿತ್ತು. ಎಲ್ಲ ತಿಳಿದಿತ್ತು. ಎರಡನೇ ಸಲವೂ ನಾನೇ ನಿಮ್ಮ ಮನೆಗೆ ನೀರು ಬಿಟ್ಟೆ.

ಮೆಟ್ಟಿಲು ಹತ್ತುವಾಗ ಕಿಟಕಿಯಲ್ಲಿ ವಾಸುದೇವಣ್ಣ ಕೂತಿದ್ದರು. ಡೊಂಕು ಗೆರೆಯನ್ನು ನೋಡುತ್ತಿದ್ದರು. “ಎಂತ ನೀಲಕ್ಕ, ದೇವರು ಗೆದ್ದನಾ? ಇರ್ಲಿ, ನನ್ನದು ಇನ್ನೊಂದು ಕಾಲು ಉಂಟಲ್ಲ, ಕೇಳಿದ್ರೆ ಕೊಡುವ,” ಎಂದು ನಕ್ಕರು. ನಾನೂ ನಕ್ಕೆ, ಶಾರದಕ್ಕ. ನಕ್ಕು ಮೇಲೆ ಬಂದು ಬಾಗಿಲು ಹಾಕಿಕೊಂಡೆ.

ನಿಮಗೆ ಹೇಳಿದರೆ ನೀವು ದೇವರನ್ನೂ ಕಳೆದುಕೊಳ್ಳುತ್ತೀರಿ, ನನ್ನನ್ನೂ. ಆ ಗುಡಿಯ ಮುಂದೆ ನಿಂತು ನೀವು ಕಷ್ಟಪಟ್ಟು ಕೂಡಿಸಿಕೊಂಡ ಸಮಾಧಾನವನ್ನು ನಾನು ಕಿತ್ತುಕೊಳ್ಳುತ್ತೇನೆ. ಅದು ಇನ್ನೊಂದು ಪಾಪವೋ ಏನೋ. ಹೇಳದಿದ್ದರೆ ಚರಂಡಿ ಡೊಂಕಾಗುತ್ತದೆ. ಯಾವುದು ಸರಿ ಎಂದು ಈಗಲೂ ನನಗೆ ಬಗೆಹರಿದಿಲ್ಲ. ಆದರೆ ಬಗೆಹರಿಯಲೆಂದು ಕಾಯುತ್ತಾ ಕೂರುವುದೂ ಸುಮ್ಮನಿರುವುದರ ಇನ್ನೊಂದು ದಾರಿಯೇ ಎಂಬುದು ಬಗೆಹರಿದಿದೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುವವರು. ಅದನ್ನು ನಿಮ್ಮ ಬಾಯಿಂದ ಹೊರಡಿಸುವುದು ನನ್ನ ಹಕ್ಕಲ್ಲ.

ನಾಳೆ ಬೆಳಿಗ್ಗೆ ನೀವು ಎಣ್ಣೆಯ ಬಟ್ಟಲು ಹಿಡಿದು ಬಾಗಿಲು ತೆರೆಯುವಾಗ ನಾನು ಕೊನೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಈ ಹಿತ್ತಾಳೆಯ ತುಂಡನ್ನು ನಿಮ್ಮ ಕೈಯಲ್ಲಿ ಇಡುತ್ತೇನೆ. ಗುಡಿಗೆ ಹೋಗಿ ಆ ಮುರಿದ ಮೂಲೆಗೆ ಹಿಡಿದು ನೋಡಿ. ಕೂಡುತ್ತದೆ. ಆಮೇಲೆ ಬೀದಿಯವರನ್ನು ಕರೆಯಿರಿ, ಆ ಎಂಜಿನಿಯರ್ ಹುಡುಗಿಯನ್ನು ಕರೆಯಿರಿ, ಎಲ್ಲರ ಮುಂದೆ ಹೇಳುತ್ತೇನೆ. ಗುಡಿ ಬೇರೆ ಕಡೆ ಕಟ್ಟುತ್ತಾರೋ, ನನ್ನ ದೇವರನ್ನು ನನ್ನ ಮುಖಕ್ಕೇ ಎಸೆಯುತ್ತಾರೋ, ಅದು ಅವರಿಗೆ ಬಿಟ್ಟದ್ದು.

ಒಂದೇ ಒಂದು ಮಾತು. ವಾಸುದೇವಣ್ಣನಿಗೆ ನೀವು ಹೇಳಬೇಡಿ ಶಾರದಕ್ಕ. ಅವರ ಕಿಟಕಿಯ ಹತ್ತಿರ ನಾನೇ ಹೋಗಿ ಹೇಳಬೇಕು.